ಗಡಗಡಿ ಇಲ್ಲದ ಬಾವಿ: ಮಕ್ಕಳಿಗಾಗಿ ಬರೆಯುವ ಶಿಕ್ಷಕಿಗೊಂದು ಉತ್ತರ

ಪ್ರಶ್ನೆ: ನಾನು ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನಲ್ಲಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಎಂಟರಿಂದ ಹದಿಮೂರು ವರ್ಷದ ಮಕ್ಕಳಿಗಾಗಿ ಮೂರು ಹಸ್ತಪ್ರತಿಗಳನ್ನು ಸಿದ್ಧಪಡಿಸಿದ್ದೇನೆ. ಬಹಮನಿ ಸುಲ್ತಾನರಿಂದ ಹೈದರಾಬಾದ್ ವಿಮೋಚನೆಯವರೆಗಿನ ಇತಿಹಾಸ ಒಂದು, ನಮ್ಮ ಭಾಗದ ಪ್ರಾಣಿ, ಪಕ್ಷಿ, ಬೆಳೆಗಳ ಪರಿಚಯ ಇನ್ನೊಂದು, ಹಿರಿಯರ ಮೇಲಿನ ಪ್ರೀತಿ, ಗೆಳೆತನ, ಹಂಚಿ ತಿನ್ನುವುದು ಇಂಥ ವಿಷಯಗಳ ಕಥೆಗಳು ಮತ್ತೊಂದು. ತರಗತಿಯಲ್ಲಿ ಓದಿದಾಗ ಮಕ್ಕಳು ಕೈಕಟ್ಟಿ ಕುಳಿತು ಕೇಳಿದರು, ಒಬ್ಬರೂ ಏನನ್ನೂ ಕೇಳಲಿಲ್ಲ. ಪ್ರಕಾಶಕರೊಬ್ಬರು ‘ಪಠ್ಯಪುಸ್ತಕದಂತಿದೆ’ ಎಂದು ಮರಳಿಸಿದರು. ತಪ್ಪಿದ್ದು ಎಲ್ಲಿ? ನಮ್ಮ ಭಾಗದ ಆಡುಮಾತನ್ನು ಪುಸ್ತಕದಲ್ಲಿ ಬಳಸಬಹುದೇ? 1948ರ ಘಟನೆಗಳನ್ನು ಮಕ್ಕಳಿಗೆ ಹೇಳಬೇಕೇ?

ಉತ್ತರ: ಪ್ರಕಾಶಕರ ಮಾತಿಗಿಂತ ‘ಒಬ್ಬರೂ ಏನನ್ನೂ ಕೇಳಲಿಲ್ಲ’ ಎಂಬ ನಿಮ್ಮದೇ ಮಾತು ಹೆಚ್ಚು ತೂಕದ್ದೆಂದು ನನಗೆ ತೋರುತ್ತದೆ. ನೀವು ಕಳುಹಿಸಿದ ಪುಟಗಳನ್ನು ಎರಡು ಸಲ ಓದಿದೆ. ಮಾಹಿತಿ ಸರಿಯಿದೆ, ಭಾಷೆ ಶುದ್ಧವಾಗಿದೆ, ಶ್ರಮ ಕಾಣುತ್ತದೆ. ಆದರೆ ಪ್ರತಿ ಪುಟದಲ್ಲಿಯೂ ಮಗು ಇನ್ನೂ ಕೇಳದೇ ಇರುವ ಪ್ರಶ್ನೆಗೆ ನೀವು ಉತ್ತರ ಕೊಟ್ಟು ಮುಗಿಸಿರುತ್ತೀರಿ. ಹಸಿವಾಗುವ ಮೊದಲೇ ತಾಟಿಗೆ ರೊಟ್ಟಿ ಬಡಿಸಿದರೆ ಮಗು ತಿನ್ನುವುದಿಲ್ಲ, ಬೈಸಿಕೊಳ್ಳಬಾರದೆಂದು ಮುರಿದು ಕೈಯಲ್ಲಿ ಹಿಡಿದು ಕೂರುತ್ತದೆ. ನಿಮ್ಮ ತರಗತಿಯಲ್ಲಿ ಆದದ್ದೂ ಅದೇ.

ಒಂದು ಉದಾಹರಣೆಯಿಂದ ಹೇಳುತ್ತೇನೆ. ನಿಮ್ಮ ಇತಿಹಾಸದ ಹಸ್ತಪ್ರತಿಯಲ್ಲಿ ‘ಮಹಮೂದ್ ಗವಾನನು 1472ರಲ್ಲಿ ಬೀದರಿನಲ್ಲಿ ಭವ್ಯವಾದ ಮದರಸಾವನ್ನು ಕಟ್ಟಿಸಿದನು’ ಎಂಬ ವಾಕ್ಯವಿದೆ. ನಿಮ್ಮ ಮಕ್ಕಳಲ್ಲಿ ಅನೇಕರು ಶಾಲೆಯ ಪ್ರವಾಸದಲ್ಲಿಯೋ ಮದುವೆಗೆ ಹೋದಾಗಲೋ ಆ ಕಟ್ಟಡವನ್ನು ಕಂಡಿರುತ್ತಾರೆ. ಅವರ ಕಣ್ಣಿಗೆ ಬಿದ್ದದ್ದು ಅದರ ಭವ್ಯತೆಯಾಗಿರಲಾರದು. ಒಂದು ಕಡೆ ಬಣ್ಣದ ಹೆಂಚಿನ ಚೂರುಗಳನ್ನು ಹೊತ್ತ ಎತ್ತರದ ಮಿನಾರ್ ನಿಂತಿದೆ, ಇನ್ನೊಂದು ಕಡೆ ಏನೂ ಇಲ್ಲ, ಮುಂಭಾಗದ ಅರ್ಧವೇ ಯಾರೋ ಕಡಿದು ತೆಗೆದಂತೆ ಮಾಯವಾಗಿದೆ. ‘ಇನ್ನೊಂದು ಮಿನಾರ್ ಎಲ್ಲಿ ಹೋಯಿತು?’ ಎಂಬಲ್ಲಿಂದ ಕಥೆ ಆರಂಭವಾಗಲಿ. 1696ರಲ್ಲಿ ಒಳಗೆ ಕೂಡಿಟ್ಟಿದ್ದ ಮದ್ದು ಸಿಡಿದು ಆ ಭಾಗ ನೆಲಕ್ಕುರುಳಿತು ಎಂಬ ಉತ್ತರ ಬಂದ ಕೂಡಲೇ ಎರಡನೆಯ ಪ್ರಶ್ನೆ ತಾನಾಗಿಯೇ ಏಳುತ್ತದೆ: ಪಾಠ ಹೇಳುವ ಕಟ್ಟಡದಲ್ಲಿ ಮದ್ದನ್ನು ಯಾಕೆ ಇಟ್ಟರು? ಆಗ ಬೀದರ್ ಮೊಗಲರ ಕೈಯಲ್ಲಿತ್ತು, ಅದು ಸೈನ್ಯದ ಕಾಲ ಎಂದು ಹೇಳಬೇಕಾಗುತ್ತದೆ. ಹಾಗಾದರೆ ಮೊದಲು ಅಲ್ಲಿ ಯಾರು ಓದುತ್ತಿದ್ದರು, ಕಟ್ಟಿಸಿದವನು ಯಾರು ಎಂದು ಮಗು ಹಿಂದಕ್ಕೆ ನಡೆಯುತ್ತದೆ. 1696ರಿಂದ 1472ಕ್ಕೆ ಹೋಗುವ ಇನ್ನೂರ ಇಪ್ಪತ್ತನಾಲ್ಕು ವರ್ಷಗಳ ಹಾದಿಯಲ್ಲಿ ಎರಡು ಇಸವಿಗಳು ಸಾಕು. ನೀವು ಆ ಅಧ್ಯಾಯದಲ್ಲಿ ಹದಿನಾಲ್ಕು ಇಸವಿಗಳನ್ನು ಕೊಟ್ಟಿದ್ದೀರಿ.

ಗವಾನನ ಕಥೆಯಲ್ಲಿಯೇ ನಿಮ್ಮ ಮೂರನೆಯ ಹಸ್ತಪ್ರತಿಯ ವಿಷಯವೂ ಅಡಗಿದೆ ಎಂಬುದನ್ನು ಗಮನಿಸಿ. ದೂರದ ಪರ್ಷಿಯಾದ ಗೀಲಾನಿನಿಂದ ವ್ಯಾಪಾರಕ್ಕೆಂದು ಬಂದವನು ಇಲ್ಲಿ ರಾಜ್ಯದ ಮುಖ್ಯಮಂತ್ರಿಯಾದ. ಅವನನ್ನು ಸಹಿಸದ ಆಸ್ಥಾನಿಕರು ಅವನ ಮುದ್ರೆ ಬಿದ್ದ ಕಾಗದದ ಮೇಲೆ, ಶತ್ರುರಾಜನನ್ನು ಆಹ್ವಾನಿಸುವ ಸುಳ್ಳು ಪತ್ರವೊಂದನ್ನು ಬರೆಸಿ ಸುಲ್ತಾನನಿಗೆ ತೋರಿಸಿದರು. ವಿಚಾರಣೆಯಿಲ್ಲದೆ 1481ರಲ್ಲಿ ಅವನಿಗೆ ಮರಣದಂಡನೆಯಾಯಿತು. ಸತ್ಯ ತಿಳಿದ ಸುಲ್ತಾನ ಪಶ್ಚಾತ್ತಾಪಪಟ್ಟನೆಂದೂ ವರ್ಷದೊಳಗೆ ತಾನೂ ತೀರಿಕೊಂಡನೆಂದೂ ಇತಿಹಾಸಕಾರರು ಬರೆದಿದ್ದಾರೆ. ಗೆಳೆಯನ ಮೇಲೆ ಮತ್ತೊಬ್ಬ ಹೇಳಿದ ಚಾಡಿಯನ್ನು ನಂಬಿ ಮಾತು ಬಿಟ್ಟ ಅನುಭವ ಹನ್ನೊಂದು ವರ್ಷದ ಯಾವ ಮಗುವಿಗೆ ಇಲ್ಲ? ಇಂಥ ಕಡೆ ‘ಆದ್ದರಿಂದ ಮಕ್ಕಳೇ, ವಿಚಾರಿಸದೆ ಯಾರನ್ನೂ ದೂರಬಾರದು’ ಎಂದು ಬರೆಯಬೇಡಿ. ನಿಮ್ಮ ಮೂರನೆಯ ಹಸ್ತಪ್ರತಿಯ ಪ್ರತಿ ಕಥೆಯ ಕೊನೆಗೂ ಅಂಥ ಒಂದು ಸಾಲಿದೆ. ಹನ್ನೆರಡನ್ನೂ ಹೊಡೆದುಹಾಕಿ, ಕಥೆಗಳ ತೂಕ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಇತಿಹಾಸ, ನಿಸರ್ಗ, ಸಂಬಂಧ ಎಂಬ ವಿಂಗಡಣೆ ಗ್ರಂಥಾಲಯದ ಕಪಾಟಿಗೆ ಬೇಕು, ಮಗುವಿಗೆ ಬೇಡ. ಮೂರು ದಪ್ಪ ಪುಸ್ತಕಗಳ ಬದಲು ಒಂದೊಂದು ವಸ್ತುವಿನ ಸುತ್ತ ಹತ್ತು ತೆಳು ಪುಸ್ತಕಗಳನ್ನು ಯೋಚಿಸಿ. ಬೀದರಿನಲ್ಲಿ ಇಂಥ ವಸ್ತುಗಳಿಗೆ ಬರವಿಲ್ಲ. ನೌಬಾದಿನ ಕರೇಜ್ ಅಂದರೆ ಸುರಂಗ ಬಾವಿಯನ್ನೇ ತೆಗೆದುಕೊಳ್ಳಿ. ನೆಲದ ಮೇಲೆ ಸಾಲಾಗಿ ಬಾವಿಬಾಯಿಗಳು ಕಾಣುತ್ತವೆ, ಒಂದಕ್ಕೂ ಹಗ್ಗವಿಲ್ಲ, ಗಡಗಡಿ ಅಂದರೆ ರಾಟೆಯೂ ಇಲ್ಲ. ಯಾಕೆಂದರೆ ಅವು ನೀರು ಸೇದುವ ಬಾವಿಗಳೇ ಅಲ್ಲ. ಕೆಳಗೆ ತೋಡಿದ ಸುರಂಗಕ್ಕೆ ಗಾಳಿ-ಬೆಳಕು ಕೊಡುವುದಕ್ಕೂ, ತೋಡುವಾಗ ಮಣ್ಣನ್ನು ಮೇಲಕ್ಕೆ ಎತ್ತುವುದಕ್ಕೂ, ಮುಂದೆ ಹೂಳು ತೆಗೆಯಲು ಇಳಿಯುವುದಕ್ಕೂ ಮಾಡಿದ ಕಂಡಿಗಳು. ಬೀದರಿನ ಜಂಬಿಟ್ಟಿಗೆಯ ನೆಲ ಮಳೆನೀರನ್ನು ಹೀರಿ ಕೆಳಗಿಳಿಸುತ್ತದೆ. ಎತ್ತರದ ಕಡೆಯ ತಾಯಿಬಾವಿಯಲ್ಲಿ ಸೇರಿದ ಆ ನೀರು, ಸುರಂಗದ ಅತಿ ಸಣ್ಣ ಇಳಿಜಾರಿನಲ್ಲಿ ಯಾರೂ ಎತ್ತದೆ, ಬಿಸಿಲಿಗೆ ಆರದೆ ಹರಿಯುತ್ತದೆ. ಈ ವಿದ್ಯೆ ಬಹಮನಿಗಳ ಕಾಲದಲ್ಲಿ ಪರ್ಷಿಯಾದ ಕಡೆಯಿಂದ ಬಂದದ್ದು. ಒಂದೇ ಬಾವಿಯಲ್ಲಿ ಭೂಗೋಳ, ಇತಿಹಾಸ, ಕೂಲಿಯವರ ಕೈಕೆಲಸ, ಹೊರಗಿನಿಂದ ಬಂದವರಿಗೂ ಇಲ್ಲಿಯವರಿಗೂ ಬೆಳೆದ ನಂಟು ಎಲ್ಲವೂ ಇವೆ. ‘ಮುತ್ಯಾ, ಈ ಬಾವಿಗಿ ಗಡಗಡಿ ಯಾಕಿಲ್ಲ?’ ಎಂದು ಕೇಳುವ ಒಂದು ಮಗುವನ್ನು ಮಾತ್ರ ನೀವು ಅಲ್ಲಿ ನಿಲ್ಲಿಸಬೇಕು. ಆ ಮುತ್ಯಾನಿಗೆ ಎಲ್ಲ ಗೊತ್ತಿರಬಾರದು. ಎಲ್ಲ ತಿಳಿದ ಅಜ್ಜ ಮಕ್ಕಳ ಪುಸ್ತಕಗಳಲ್ಲಿ ಮಾರುವೇಷದ ಮೇಷ್ಟ್ರು.

ಬಿದರಿಯೂ ಅಂಥದ್ದೇ. ‘ಪ್ರಪಂಚಪ್ರಸಿದ್ಧ ಕರಕುಶಲ ಕಲೆ’ ಎಂದು ಬರೆದರೆ ಮಗುವಿಗೆ ಏನೂ ಸಿಗುವುದಿಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಗೀರಿ, ಆ ಗೀರಿನಲ್ಲಿ ಬೆಳ್ಳಿ ತಂತಿಯನ್ನು ಬಡಿದು ಕೂರಿಸಿದ ಮೇಲೂ ಪಾತ್ರೆ ಬೂದುಬಣ್ಣದ್ದೇ, ಬೆಳ್ಳಿ ಎದ್ದು ಕಾಣುವುದಿಲ್ಲ. ಆಮೇಲೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಕಲಸಿ, ಕಾಯಿಸಿದ ಪಾತ್ರೆಗೆ ತಿಕ್ಕುತ್ತಾರೆ. ಸತು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಸರಿಯಾದ ಮಣ್ಣು ಯಾವುದೆಂದು ಕುಶಲಕರ್ಮಿಗಳು ನಾಲಿಗೆಗೆ ತಾಕಿಸಿ ನೋಡುವ ರೂಢಿಯಿದೆ. ಮಣ್ಣಿನ ರುಚಿ ನೋಡುವ ದೊಡ್ಡವರು! ಎಂಟು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಮೊದಲ ಪುಟ ನನಗೆ ಹೊಳೆಯುವುದಿಲ್ಲ. 2006ರಲ್ಲಿ ಬಿದರಿಗೆ ಭೌಗೋಳಿಕ ಗುರುತು (ಜಿಐ) ದೊರೆಯಿತು ಎಂಬ ಸಂಗತಿಯನ್ನು ಬೇಕಿದ್ದರೆ ಹಿಂಬದಿಯ ರಟ್ಟಿನಲ್ಲಿ ಹಾಕಿ.

ಇತಿಹಾಸದಲ್ಲಿ ಕಲ್ಪನೆಗೆ ಎಷ್ಟು ಜಾಗ ಎಂಬ ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೆ ನಿಮ್ಮ ಗವಾನ್ ಮರಣಕ್ಕೆ ಮುಂಚೆ ಒಂದೂವರೆ ಪುಟ ಭಾಷಣ ಮಾಡುತ್ತಾನೆ. ನನ್ನದೊಂದು ಕಟ್ಟುನಿಟ್ಟಾದ ಪದ್ಧತಿಯಿದೆ. ಬಾವಿಯ ಬಳಿ ನಿಂತ ಹುಡುಗಿಯನ್ನು, ಹೂಳು ತೆಗೆಯುವ ಅವಳ ಅಪ್ಪನನ್ನು, ಅವರ ಮನೆಯ ಆಡನ್ನು ಎಷ್ಟು ಬೇಕಾದರೂ ಕಲ್ಪಿಸಿಕೊಳ್ಳುತ್ತೇನೆ. ಆದರೆ ಇತಿಹಾಸದಲ್ಲಿ ನಿಜವಾಗಿ ಬದುಕಿದ್ದವರ ಬಾಯಲ್ಲಿ ದಾಖಲೆಯಿಲ್ಲದ ಮಾತನ್ನು ಹಾಕುವುದಿಲ್ಲ. ಪುಸ್ತಕದ ಕೊನೆಯಲ್ಲಿ ಅರ್ಧ ಪುಟ ಬಿಟ್ಟು, ಇದರಲ್ಲಿ ಯಾವುದು ನಡೆದದ್ದು, ಯಾವುದು ನಾನು ಊಹಿಸಿದ್ದು ಎಂದು ಮಗುವಿಗೇ ಬರೆದು ತಿಳಿಸುತ್ತೇನೆ. ಮಕ್ಕಳು ಆ ಅರ್ಧ ಪುಟವನ್ನು ಕಥೆಗಿಂತ ಶ್ರದ್ಧೆಯಿಂದ ಓದುವುದನ್ನು ಕಂಡಿದ್ದೇನೆ.

ಉತ್ತರವಿಲ್ಲದ ಪ್ರಶ್ನೆಯೂ ಮಕ್ಕಳಿಗೆ ಪ್ರಿಯ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ನದಿಯ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ಕಲ್ಲು-ಮಣ್ಣು ತೆಗೆಯುವಾಗ ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪದ ಅವಶೇಷಗಳಲ್ಲಿ, ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಹೆಸರು ಕೊರೆದ ರಾಜನ ಶಿಲ್ಪವೂ ಸಿಕ್ಕಿತು. ಆ ಕಲ್ಲನ್ನು ಪೀಠವಾಗಿ ಇಟ್ಟವರಿಗೆ ಅದರ ಮೇಲೆ ಅಕ್ಷರಗಳಿರುವುದು ಗೊತ್ತಿತ್ತೇ? ಗೊತ್ತಿದ್ದೂ ಓದಲು ಬರದೇ ಹೋಗಿತ್ತೇ? ಅವರನ್ನು ಅಜ್ಞಾನಿಗಳೆಂದು ಬೈಯದೆ, ದೊಡ್ಡ ರಹಸ್ಯ ಬಿಡಿಸಿದೆವೆಂದು ಬೀಗದೆ, ಆ ಪ್ರಶ್ನೆಯನ್ನು ಪುಟದ ಮೇಲೆ ಹಾಗೆಯೇ ಬಿಡಿ. ತನ್ನ ಮನೆಯ ಕಟ್ಟೆಯ ಕಲ್ಲನ್ನು ಮಗು ಅಂದು ಸಂಜೆ ತಿರುಗಿಸಿ ನೋಡದಿದ್ದರೆ ಹೇಳಿ.

ಇನ್ನು 1948. ಹೇಳಬೇಕು ಎಂಬುದೇ ನನ್ನ ಅಭಿಪ್ರಾಯ. ಸೆಪ್ಟೆಂಬರ್ 17ರಂದು ಶಾಲೆಯಲ್ಲಿ ಧ್ವಜ ಹಾರಿಸುತ್ತೇವೆ, ದೇಶಕ್ಕೆ ಆಗಸ್ಟ್ 15, 1947ರಂದೇ ಸ್ವಾತಂತ್ರ್ಯ ಬಂದಿರುವಾಗ ನಮಗೇಕೆ ಇನ್ನೊಂದು ದಿನ ಎಂದು ಮಗು ಕೇಳಿಯೇ ಕೇಳುತ್ತದೆ. ಹತ್ತು ವರ್ಷದೊಳಗಿನವರಿಗೆ ಅಷ್ಟು ಉತ್ತರ ಸಾಕು: ನಮ್ಮ ಭಾಗವಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನ ಆಗ ಭಾರತ ಒಕ್ಕೂಟಕ್ಕೆ ಸೇರಲಿಲ್ಲ, ಹದಿಮೂರು ತಿಂಗಳ ತಳಮಳದ ನಂತರ ಸೇರಿತು. ಹನ್ನೆರಡರ ಮೇಲಿನವರಿಗೆ ನಿಜಾಮರ ಪರವಾಗಿದ್ದ ಸಶಸ್ತ್ರ ಪಡೆಯಾದ ರಜಾಕಾರರ ದಾಳಿಯನ್ನೂ, ಬೀದರ್ ಜಿಲ್ಲೆಯ ಗೋರ್ಟಾ ಹಳ್ಳಿಯ ಹತ್ಯಾಕಾಂಡವನ್ನೂ ಮರೆಮಾಚಬಾರದು. ಹಾಗೆಯೇ ಸಂಸ್ಥಾನವನ್ನು ಒಕ್ಕೂಟಕ್ಕೆ ಸೇರಿಸಲು ಭಾರತದ ಸೈನ್ಯ ನಡೆಸಿದ ‘ಪೊಲೀಸ್ ಕಾರ್ಯಾಚರಣೆ’ಯ ನಂತರ ಬೀದರ್, ಕಲಬುರಗಿ ಕಡೆಯ ಹಳ್ಳಿಗಳಲ್ಲಿ ಮುಸ್ಲಿಂ ಕುಟುಂಬಗಳ ಮೇಲೆ ನಡೆದ ಹಿಂಸೆಯನ್ನೂ, ಅದನ್ನು ವಿಚಾರಿಸಲು ಕೇಂದ್ರ ಸರ್ಕಾರ ಸುಂದರಲಾಲ್ ಸಮಿತಿಯನ್ನು ಕಳುಹಿಸಿದ್ದನ್ನೂ ಮರೆಮಾಚಬಾರದು. ನಿಮ್ಮ ಹಸ್ತಪ್ರತಿಯಲ್ಲಿ ಮೊದಲ ಅರ್ಧವಿದೆ, ಎರಡನೆಯದು ಇಲ್ಲ. ನಿಮ್ಮ ತರಗತಿಯಲ್ಲಿ ಒಂದೇ ಚಾಪೆಯ ಮೇಲೆ ಎರಡೂ ಮನೆಗಳ ಮಕ್ಕಳು ಕುಳಿತಿರುತ್ತಾರೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕೃತ್ಯ ಎಸಗಿದವರನ್ನು ಅವರ ಸಂಘಟನೆಯ ಹೆಸರಿನಿಂದ, ‘ರಜಾಕಾರರು’, ‘ದಾಳಿಕೋರರ ಗುಂಪು’ ಎಂದು ಬರೆಯಿರಿ, ಜಾತಿ-ಧರ್ಮದ ಹೆಸರಿನಿಂದ ಬರೆಯಬೇಡಿ. ರಕ್ತದ ವರ್ಣನೆ ಬೇಡ, ಭಯದ ವಿವರ ಸಾಕು: ಸಂಜೆ ಒಲೆ ಹಚ್ಚಿದರೆ ಹೊಗೆ ಕಂಡೀತೆಂದು ಹಸಿದು ಮಲಗಿದ ಮನೆ, ಗಡಿ ದಾಟಿ ಸೊಲ್ಲಾಪುರದ ಕಡೆಗೆ ನಡೆದ ಕುಟುಂಬ, ಅವರ ಎಮ್ಮೆಯನ್ನು ಕಾದುಕೊಂಡ ನೆರೆಮನೆ. ಆಗ ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತೈದು ದಾಟಿದ್ದಾರೆ. ಬರೆಯುವ ಮೊದಲು ಎರಡೂ ಓಣಿಗಳಿಗೆ ಹೋಗಿ ಅವರ ಬಳಿ ಕುಳಿತು ಬನ್ನಿ, ಈ ಕೆಲಸವನ್ನು ಮುಂದೂಡುವಂತಿಲ್ಲ.

ನಿಸರ್ಗದ ಹಸ್ತಪ್ರತಿಯ ಬಗ್ಗೆ ಹೇಳುವ ಮುನ್ನ ನನ್ನದೇ ಒಂದು ಅವಮಾನವನ್ನು ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ಚಿಗರಿಯ ಮೇಲೆ, ಅಂದರೆ ಕೃಷ್ಣಮೃಗದ ಮೇಲೆ, ಪುಟ್ಟ ಪುಸ್ತಕ ಬರೆದೆ. ಚಿತ್ರ ಬರೆದವರು ಈ ಸೀಮೆಯನ್ನು ಕಂಡವರಲ್ಲ. ದಟ್ಟ ಕಾಡು, ದೊಡ್ಡ ಮರಗಳ ನೆರಳು, ಮರಿಯನ್ನು ನೆಕ್ಕುತ್ತಿರುವ ತಾಯಿಗೆ ಚೆಂದದ ಸುರುಳಿ ಕೋಡು. ಅಚ್ಚಿಗೆ ಹೋಗುವ ಮೊದಲು ನಾನು ನೋಡಿದ್ದೆ, ನನ್ನ ಕಣ್ಣಿಗೂ ಬೀಳಲಿಲ್ಲ. ಯಾದಗಿರಿ ಜಿಲ್ಲೆಯ ಒಂದು ಶಾಲೆಯಲ್ಲಿ ಪುಸ್ತಕ ತೆರೆದ ಕೂಡಲೇ ಕುರಿ ಕಾಯುವ ಮನೆಯ ಹುಡುಗನೊಬ್ಬ ಎದ್ದು ನಿಂತು, ‘ಹೆಣ್ಣ ಚಿಗರಿಗಿ ಕೋಡ ಇರಂಗಿಲ್ರಿ’ ಎಂದ. ಅವನ ಪಕ್ಕದವನು, ‘ಅದು ಅಡವ್ಯಾಗ ಇರಲ್ಲ, ಬಯಲಾಗ ಇರ್ತದ’ ಎಂದ. ಎರಡೂ ನಿಜ. ಹುಲ್ಲುಗಾವಲೇ ಅದರ ಮನೆ. ಅಂದಿನಿಂದ ಚಿತ್ರಕಾರರಿಗೆ ಹಸ್ತಪ್ರತಿಯ ಜೊತೆ ನಲವತ್ತು-ಐವತ್ತು ಫೋಟೊಗಳನ್ನು ಕಳುಹಿಸುತ್ತೇನೆ: ಮಾಳಿಗೆ ಮನೆ, ಅದರ ಬೆಳಕಿಂಡಿ, ಶಹಾಬಾದ್ ಕಲ್ಲಿನ ಪರಸಿ, ಎರೆಹೊಲದ ಬಿರುಕು. ಇಲ್ಲದಿದ್ದರೆ ಬೀದರಿನ ಅಜ್ಜಿ ಹೆಂಚಿನ ಮನೆಯ ಮುಂದೆ ತೆಂಗಿನ ಮರದ ಕೆಳಗೆ ಕುಳಿತಿರುತ್ತಾಳೆ.

ನೀವು ಚಿಗರಿಯನ್ನು ‘ಮುದ್ದಾದ, ಮುಗ್ಧ ಪ್ರಾಣಿ’ ಎಂದು ಕರೆದಿದ್ದೀರಿ. ನಿಮ್ಮ ವಿದ್ಯಾರ್ಥಿಯ ಅಪ್ಪ ರಾತ್ರಿಯೆಲ್ಲ ಎಚ್ಚರಿದ್ದು ಹೊಲದಿಂದ ಅದನ್ನು ಓಡಿಸಿ ಬಂದಿರಬಹುದು. ಮಗುವಿಗೆ ಅಪ್ಪನೂ ಬೇಕು, ಚಿಗರಿಯೂ ಬೇಕು. ಆ ತೊಡಕನ್ನು ಬಿಡಿಸದೆ ಹೇಳುವ ಪುಸ್ತಕ ನಮ್ಮಲ್ಲಿ ಬೇಕಾಗಿದೆ. ಹುಲ್ಲುಗಾವಲನ್ನು ನಾವು ‘ಪಾಳು ಭೂಮಿ’ ಎನ್ನುತ್ತೇವೆ. ಅಲ್ಲಿ ಟಿಟ್ಟಿಭ ಹಕ್ಕಿ ಗೂಡೇ ಕಟ್ಟದೆ, ಕಲ್ಲುಹರಳುಗಳ ನಡುವೆ ಹರಳಿನಂತೆಯೇ ಕಾಣುವ ಮೊಟ್ಟೆಯಿಟ್ಟು, ಹತ್ತಿರ ಹೋದವರ ತಲೆಯ ಮೇಲೆ ಕಿರುಚುತ್ತ ಹಾರುತ್ತದೆ. ಪಾಳು ಎಂದವರು ಯಾರು ಎಂದು ಕೇಳಲು ಆ ಒಂದು ಮೊಟ್ಟೆಯ ಚಿತ್ರ ಸಾಕು. ಚಿಂಚೋಳಿಯ ವನ್ಯಜೀವಿಧಾಮ, ಸುರಪುರ ತಾಲ್ಲೂಕಿನ ಬೋನಾಳ ಕೆರೆ ಎರಡೂ ನಿಮ್ಮ ಪಟ್ಟಿಯಲ್ಲಿವೆ, ಸಂತೋಷ. ಆದರೆ ಪಟ್ಟಿ ಪಟ್ಟಿಯೇ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಬೋನಾಳಕ್ಕೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತು ಒಂದನ್ನೇ ಹಿಡಿದು ಬರೆದಿದ್ದರೆ ಉಳಿದ ಮೂವತ್ತು ಹಕ್ಕಿಗಳನ್ನು ಮಗು ತಾನೇ ಹುಡುಕುತ್ತಿತ್ತು.

ತೊಗರಿಯ ಅಧ್ಯಾಯವನ್ನಂತೂ ಮತ್ತೆ ಬರೆಯಲೇಬೇಕು. ‘ತೊಗರಿಯ ಕಣಜ’ ಎಂಬ ಬಿರುದನ್ನು ಬದಿಗಿಡಿ. ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ, ಬಿತ್ತಿ ಒಂದೂವರೆ-ಎರಡು ತಿಂಗಳಾದ ಗಿಡವೊಂದನ್ನು ಬೇರುಸಹಿತ ಮೆಲ್ಲಗೆ ಕಿತ್ತು ನೀರಿನಲ್ಲಿ ಅದ್ದಿದರೆ ಬೇರಿನ ಮೇಲೆ ಸಣ್ಣ ಗಂಟುಗಳು ಕಾಣುತ್ತವೆ. ಉಗುರಿನಿಂದ ಒಂದನ್ನು ಸೀಳಿದರೆ ಒಳಗೆ ನಸುಗೆಂಪು. ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಗೊಬ್ಬರವಾಗಿಸಿ ಕೊಡುವ ಸೂಕ್ಷ್ಮಜೀವಿಗಳು ಅಲ್ಲಿ ವಾಸವಾಗಿವೆ. ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. ಸುಗ್ಗಿಯ ಹೊತ್ತಿಗೆ ಹುಡುಕಿದರೆ ಈ ಗಂಟುಗಳು ಒಣಗಿಹೋಗಿರುತ್ತವೆ, ಆದ್ದರಿಂದ ತಿಂಗಳನ್ನು ಪುಸ್ತಕದಲ್ಲಿ ನಮೂದಿಸಿ. ಹಂಚಿ ತಿನ್ನುವುದರ ಬಗ್ಗೆ ನೀವು ಬರೆದ ಕಥೆಗಿಂತ ಈ ಬೇರು ಚೆನ್ನಾಗಿ ಹೇಳುತ್ತದೆ, ಅದೂ ಒಂದು ಮಾತೂ ಆಡದೆ.

ಸಂಬಂಧದ ಕಥೆಗಳಲ್ಲಿ ನಿಮ್ಮ ಮಕ್ಕಳಿಗೆ ಸದಾ ಅಪ್ಪ-ಅಮ್ಮ ಮನೆಯಲ್ಲಿಯೇ ಇರುತ್ತಾರೆ. ನಿಮ್ಮ ಹಾಜರಿ ಪುಸ್ತಕ ಬೇರೆ ಹೇಳುತ್ತದೆ ಅಲ್ಲವೇ? ದೀಪಾವಳಿ ಕಳೆದ ಮೇಲೆ ಎಷ್ಟು ಮನೆಯವರು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ಎಷ್ಟು ಮಕ್ಕಳು ಮುತ್ಯಾ-ಆಯಿಯ ಜೊತೆ ಉಳಿಯುತ್ತಾರೆ, ಎಷ್ಟು ಮಕ್ಕಳು ಶಾಲೆ ಬಿಟ್ಟು ಜೊತೆಗೆ ಹೋಗುತ್ತಾರೆ! ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಹೊಲಕ್ಕೆ ಹೋಗಿ ಭೂಮಿತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿ, ಭಜ್ಜಿ-ರೊಟ್ಟಿ ಉಣ್ಣುವಾಗ, ಅವ್ವ ಬಾರದ ವರ್ಷ ಯಾರ ಕೈಯ ಭಜ್ಜಿ ಹೇಗಿತ್ತು ಎಂಬ ಒಂದು ಕಥೆ ಬರೆಯಿರಿ. ಫೋನಿನಲ್ಲಿ ಅವ್ವ ‘ಉಂಡೇನು?’ ಎಂದು ಕೇಳುತ್ತಾಳೆ, ಮಗು ‘ಹೂಂ’ ಎನ್ನುತ್ತದೆ. ಅಷ್ಟರಲ್ಲಿಯೇ ನಿಲ್ಲಿಸುವ ಧೈರ್ಯ ನಿಮಗಿರಲಿ. ಅವ್ವ ಕೊನೆಯ ಪುಟದಲ್ಲಿ ಬಸ್ಸಿನಿಂದ ಇಳಿದು ಬರಬೇಕಾಗಿಲ್ಲ.

ಭಾಷೆಯ ವಿಷಯದಲ್ಲಿ ನಿಮ್ಮ ಅಂಜಿಕೆ ಅರ್ಥವಾಗುತ್ತದೆ. ನಿರೂಪಣೆ ಸರಳ ಗ್ರಂಥಸ್ಥ ಕನ್ನಡದಲ್ಲಿರಲಿ, ಮೈಸೂರಿನ ಮಗುವೂ ಓದಬೇಕು, ನಿಮ್ಮ ಮಕ್ಕಳೂ ಆ ಕನ್ನಡವನ್ನು ಕಲಿಯಬೇಕು. ಪಾತ್ರಗಳ ಮಾತು ಮಾತ್ರ ಇಲ್ಲಿಯದೇ ಇರಲಿ. ‘ಅಜ್ಜ, ಅಲ್ಲಿ ಏನಿದೆ?’ ಎಂದು ಭಾಲ್ಕಿಯ ಯಾವ ಮಗು ಕೇಳುತ್ತದೆ? ‘ಮುತ್ಯಾ, ಅಲ್ಲಿ ಏನ್ ಅದ?’ ಎಂದೇ ಬರೆಯಿರಿ. ನಮ್ಮ ಓಣಿಗಳಲ್ಲಿ ದಖನಿ, ಮರಾಠಿ, ತೆಲುಗು, ಲಂಬಾಣಿ ಮಾತುಗಳೂ ಸೇರಿಕೊಂಡಿವೆ. ಗೆಳತಿಯ ಅಜ್ಜಿ ‘ನಾನಿ’ ಆಗಿಯೇ ಇರಲಿ, ಅದಕ್ಕೆ ಆವರಣದಲ್ಲಿ ಅರ್ಥ ಕೊಡುವ ಅಗತ್ಯವಿಲ್ಲ. ಆಡುಮಾತನ್ನು ನಗಿಸುವುದಕ್ಕೆ ಮಾತ್ರ ಬಳಸಬೇಡಿ. ನಿಮ್ಮ ಕಥೆಯೊಂದರಲ್ಲಿ ಪೆದ್ದ ಹುಡುಗ ಒಬ್ಬನೇ ನಮ್ಮ ಕನ್ನಡ ಮಾತಾಡುತ್ತಾನೆ, ಜಾಣೆಯಾದ ಹುಡುಗಿ ಗ್ರಂಥಸ್ಥ ಕನ್ನಡ ಮಾತಾಡುತ್ತಾಳೆ. ನೀವು ಉದ್ದೇಶಪೂರ್ವಕವಾಗಿ ಮಾಡಿರಲಾರಿರಿ, ಆದರೆ ಮಕ್ಕಳು ಅದನ್ನು ಗುರುತಿಸುತ್ತಾರೆ.

ಗಾತ್ರದ ಬಗ್ಗೆ ಚುಟುಕಾಗಿ: ಅಚ್ಚಿನ ಹಾಳೆ ಮಡಚುವ ಲೆಕ್ಕದಿಂದಾಗಿ ಚಿತ್ರಪುಸ್ತಕಗಳು ಸಾಮಾನ್ಯವಾಗಿ 16, 24 ಅಥವಾ 32 ಪುಟಗಳಲ್ಲಿರುತ್ತವೆ. ಎಂಟು-ಒಂಬತ್ತು ವರ್ಷದವರಿಗೆ ಐದುನೂರು ಪದಗಳ ಆಸುಪಾಸಿನಲ್ಲಿ ಮುಗಿಸಿ. ಕನ್ನಡದಲ್ಲಿ ವಿಭಕ್ತಿ, ಸಂಧಿ ಎಲ್ಲ ಸೇರಿ ಒಂದೇ ಪದ ಉದ್ದವಾಗುವುದರಿಂದ, ಬೇರೆ ಭಾಷೆಯ ಪುಸ್ತಕಗಳಿಗೆ ಹೇಳಿದ ಪದಗಳ ಲೆಕ್ಕ ನಮಗೆ ನೇರವಾಗಿ ಹೊಂದುವುದಿಲ್ಲ. ಒಂದೇ ಸಾಲಿನಲ್ಲಿ ಮೂರು ಒತ್ತಕ್ಷರಗಳು ಬಂದರೆ ಮಗುವಿನ ಬೆರಳು ಅಲ್ಲಿ ನಿಲ್ಲುತ್ತದೆ. ಚಿತ್ರದಲ್ಲಿ ಕಾಣುವುದನ್ನು ಮಾತಿನಲ್ಲಿ ಮತ್ತೆ ಬರೆಯುವುದೂ ಬೇಡ.

ಮೊದಲನೆಯದಾಗಿ ಯಾವುದನ್ನು ಬರೆಯಲಿ ಎಂದು ಕೇಳಿದರೆ ನಾನು ನೌಬಾದಿನ ಬಾವಿಯನ್ನು ಆರಿಸುತ್ತೇನೆ. ನಾಲ್ಕೈದು ಮಕ್ಕಳನ್ನು, ಅವರ ಮನೆಯವರ ಒಪ್ಪಿಗೆ ಪಡೆದು, ಒಂದು ರವಿವಾರ ಅಲ್ಲಿಗೆ ಕರೆದೊಯ್ಯಿರಿ. ಕಂಡಿಯಿಂದ ದೂರ ನಿಲ್ಲಿಸಿ, ನೀವು ಏನನ್ನೂ ವಿವರಿಸದೆ, ಅವರು ಕೇಳಿದ್ದನ್ನು ಕೇಳಿದ ಅನುಕ್ರಮದಲ್ಲಿಯೇ ಬರೆದುಕೊಳ್ಳಿ. ಆ ಅನುಕ್ರಮವೇ ನಿಮ್ಮ ಪುಟಗಳ ಅನುಕ್ರಮ. ಕರಡು ಸಿದ್ಧವಾದ ಮೇಲೆ, ಈ ಪ್ರವಾಸಕ್ಕೆ ಬಾರದ ನಾಲ್ಕನೆಯ ತರಗತಿಗೆ, ಮಕ್ಕಳು ದಣಿದಿರುವ ಕೊನೆಯ ಪಿರಿಯಡ್ಡಿನಲ್ಲಿ ಓದಿ. ಯಾವ ಸಾಲಿನಲ್ಲಿ ನಿಮ್ಮ ಮಾತನ್ನು ತಡೆದು ಪ್ರಶ್ನೆ ಕೇಳಿದರು, ಯಾವ ಸಾಲಿನಲ್ಲಿ ಕಿಟಕಿಯ ಹೊರಗೆ ನೋಡಿದರು ಎಂಬುದನ್ನು ಪೆನ್ಸಿಲಿನಲ್ಲಿ ಗುರುತು ಹಾಕಿ, ಆ ಗುರುತುಗಳಿರುವ ಪ್ರತಿಯನ್ನೇ ನನಗೆ ಕಳುಹಿಸಿ.